ಎರಡು ‘ನಾವು’ಗಳ ಮನೆ

ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕು ಎಂದು ತೀರ್ಮಾನಿಸುತ್ತಿದ್ದವರು ಅಜ್ಜಿ. ಊರಿಗೆಲ್ಲ ಹೆಡ್ಮಾಸ್ಟರಾಗಿದ್ದ ಅಪ್ಪನ ಮಾತು ಆ ವಿಷಯದಲ್ಲಿ ಒಂದಿಷ್ಟೂ ನಡೆಯುತ್ತಿರಲಿಲ್ಲ. ಅಡುಗೆಮನೆಯ ಒಳಗೆ, ಒಲೆಯ ಬಿಸಿ ತಾಗುವಷ್ಟು ಹತ್ತಿರ, ಮನೆಯವರು. ಹೊಸ್ತಿಲಿನಾಚೆ ಚಾವಡಿಯಲ್ಲಿ ನೆಂಟರು. ಹೊರಗೆ ಜಗಲಿಯಲ್ಲಿ, ಅಜ್ಜಿಯ ಲೆಕ್ಕದಲ್ಲಿ ಯಾವ ಸಾಲಿಗೂ ಸೇರದವರು: ಬಾವಿ ರಾಟೆ ರಿಪೇರಿಯವನು, ಅಪ್ಪನ ಶಾಲೆಗೆ ಬಂದ ಇನ್ಸ್‌ಪೆಕ್ಟರು, ಒಮ್ಮೆ ದಾರಿ ತಪ್ಪಿ ಬಂದ ಎಲ್‌ಐಸಿ ಏಜೆಂಟು. ಎಲೆ ಎಲ್ಲಿ ಹಾಕಿದರೂ ಬಡಿಸುವುದರಲ್ಲಿ ಭೇದವಿರಲಿಲ್ಲ ಎನ್ನಿ. ಅನ್ನಕ್ಕೆ ಅದೇ ಕೊದ್ದೆಲು, ಅದೇ ಪಲ್ಯ, ಅದೇ ಉಪ್ಪಿನಕಾಯಿ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರು ಕಡೆಗೂ ಓಡಾಡುತ್ತಿದ್ದರು. ಮನೆ ಇದ್ದದ್ದು ನಂತೂರಿನ ಏರಿನ ಕೆಳಗೆ. ಹೆಂಚು ತುಂಬಿದ ಲಾರಿಗಳು ಆ ಏರನ್ನು ಹತ್ತುವಾಗ ನರಳುವ ಸದ್ದು ಊಟದ ಹೊತ್ತಿಗೂ ಕೇಳುತ್ತಿತ್ತು. ಆಗ ಅಜ್ಜಿ, ಅದಕ್ಕೂ ಒಂದು ಎಲೆ ಹಾಕಿ, ಪಾಪ, ಹಸಿದಿದೆ ಎನ್ನುತ್ತಿದ್ದರು.

ಆ ಮನೆಗೆ ಅಲನ್ ಬಂದ. ಅಮೇರಿಕ ಸರಕಾರ ಆ ಕಾಲದಲ್ಲಿ ನಮ್ಮಂಥ ಊರುಗಳಿಗೆ ಕಳಿಸುತ್ತಿದ್ದ ಸ್ವಯಂಸೇವಕ ಹುಡುಗರಲ್ಲಿ ಒಬ್ಬ. ಬ್ಲಾಕ್ ಆಫೀಸಿನವರು ಅವನಿಗೊಂದು ಕೋಣೆ ಬೇಕೆಂದು ಅಪ್ಪನನ್ನು ಕೇಳಿದರಂತೆ, ಅಪ್ಪ ಮನೆಯಲ್ಲಿ ಯಾರನ್ನೂ ಕೇಳದೆ ಹೂಂ ಎಂದು ಬಂದರು. ಹುಡುಗನಿಗೆ ಕೆಲಸವೇನು ಎಂದು ಅಜ್ಜಿ ವಿಚಾರಿಸಿದಾಗ ಅಪ್ಪ ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬೇಕಾಯಿತು. ಅವನ ಕೆಲಸ ಸುರತ್ಕಲ್ ಕಡೆಯ ಹಳ್ಳಿಗಳಲ್ಲಿ ಜನರಿಗೆ ಕೋಳಿ ಸಾಕಲು ಕಲಿಸುವುದು. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ನಮ್ಮದು. ಅಜ್ಜಿ ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟರು. ಮೂರನೆಯ ದಿನ ಸೈಕಲ್ ತಳ್ಳಿಕೊಂಡು ಬಂದ ಆ ಉದ್ದನೆಯ ಹುಡುಗನನ್ನು ಅಂಗಳದಲ್ಲೇ ನಿಲ್ಲಿಸಿ, ಕೈಸನ್ನೆಯಲ್ಲಿ ಬಾವಿ ತೋರಿಸಿ, ತಲೆಯಿಂದ ಕಾಲಿನವರೆಗೆ ನೀರು ಹೊಯ್ದುಕೊಳ್ಳಬೇಕೆಂದು ತಿಳಿಸಿದರು. ಅವನು ನಕ್ಕು, ಪ್ಯಾಂಟು ಶರ್ಟು ಸಮೇತ ಹೊಯ್ದುಕೊಂಡ. ಅಜ್ಜಿಗೆ ನಗು ಬಂತು. ಆವತ್ತಿಗೆ ಜಗಲಿಯಲ್ಲಿ ಎಲೆ ಬಿತ್ತು.

ಅಲನ್ ಎಂಬ ಹೆಸರು ಅಜ್ಜಿಯ ಬಾಯಲ್ಲಿ ಅಲ್ಲಣ್ಣ ಆಯಿತು. ಯಾವುದಕ್ಕೂ ಅಲ್ಲ ಎನ್ನದ ಹುಡುಗನಿಗೆ ಅಂಥ ಹೆಸರು ಬಿದ್ದದ್ದು ತಮಾಷೆ. ನಾನೂ ಹಾಗೇ ಕರೆದೆ. ನನಗೆ ಆಗ ಹನ್ನೆರಡು ವರ್ಷವಿರಬೇಕು, ಒಬ್ಬಳೇ ಮಗಳು, ಅಣ್ಣನಿಲ್ಲವೆಂಬ ಕೊರಗು ಇದ್ದವಳು. ಅವನು ನನಗೆ ಇಂಗ್ಲಿಷ್ ಕಲಿಸಿದ. ಶಾಲೆಯ ಇಂಗ್ಲಿಷಲ್ಲ, ಕಿವಿಗೆ ಬೀಳುವ ಇಂಗ್ಲಿಷು. ಸಂಜೆ ಹೊತ್ತು ಅಪ್ಪ ಚಾವಡಿಯಲ್ಲಿ ಅವನಿಗೆ ಕನ್ನಡ ಕಲಿಸುತ್ತಿದ್ದರು. ಅಪ್ಪನಿಗೆ ಕನ್ನಡವೆಂದರೆ ಸಭೆಯ ಭಾಷೆ, ತುಳುವೆಂದರೆ ಅಡುಗೆಮನೆಯದು. ತುಳು ಕಲಿತು ನಿನಗೆ ಎಂತ ಆಗ್ಲಿಕ್ಕುಂಟು ಎಂದು ಅವನನ್ನು ತಡೆದದ್ದೂ ಉಂಟು. ಆದರೆ ಕೋಳಿ ಸಾಕುವವರೆಲ್ಲ ಮಾತಾಡುತ್ತಿದ್ದದ್ದು ತುಳು. ಅದಕ್ಕೆ ಅವನು ಹಿತ್ತಿಲ ಬಾಗಿಲಿನಲ್ಲಿ ಕೂತು, ಹಲಸಿನ ಗುಜ್ಜೆ ಹೆಚ್ಚುವ ಅಜ್ಜಿಯ ಹತ್ತಿರ ತುಳು ಕಲಿತ. ಅಜ್ಜಿ ಒಳ್ಳೆಯ ಮೇಷ್ಟರೇನಲ್ಲ. ತಪ್ಪಾಡಿದರೆ ಅವನ ಮೊಣಕೈಗೆ ಕತ್ತಿಯ ಹಿಡಿಯಿಂದ ತಟ್ಟುತ್ತಿದ್ದರು. ಕೆಲವೇ ತಿಂಗಳಲ್ಲಿ ಅವನ ಎಲೆ ಜಗಲಿಯಿಂದ ಚಾವಡಿಗೆ, ಅಲ್ಲಿಂದ ಅಡುಗೆಮನೆಯ ಹೊಸ್ತಿಲಿನ ತನಕ ಸರಿದಿತ್ತು. ಅದರಿಂದೀಚೆಗೆ ಬರಲಿಲ್ಲ. ಹೊಸ್ತಿಲಿನ ಆಚೆ ಅವನು, ಈಚೆ ನಾವು, ಮಾತು ಮಾತ್ರ ಧಾರಾಳವಾಗಿ ಆಚೀಚೆ ಹೋಗುತ್ತಿತ್ತು.

ಊಟದ ಹೊತ್ತಿನ ಮಾತಿಗೆ ಯಜಮಾನರು ಅಪ್ಪ. ಅವರು ಹರೆಯದಲ್ಲಿ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು, ಖಾದಿಯಲ್ಲದೆ ಬೇರೆ ಬಟ್ಟೆ ಮುಟ್ಟದವರು. ಊರಿನಲ್ಲಿ ಯಾವ ಸಭೆಯಾದರೂ ಅವರದೊಂದು ಭಾಷಣ ಇರುತ್ತಿತ್ತು, ಸಭೆ ಮುಗಿಸಿ ಬಂದು ಊಟಕ್ಕೆ ಕೂತೊಡನೆ ನನ್ನತ್ತ ತಿರುಗಿ, ಭಾಷಣ ಹೇಗಿತ್ತು ಎಂದು ಕೇಳುವುದು ವಾಡಿಕೆ. ನಾನು ಚೆನ್ನಾಗಿತ್ತು ಎನ್ನುತ್ತಿದ್ದೆ, ನಿಜವಾಗಿಯೂ ಚೆನ್ನಾಗಿರುತ್ತಿತ್ತು. ಅವರನ್ನು ನಾನು ಎಷ್ಟು ನಂಬಿದ್ದೆನೆಂದರೆ, ದೇವರ ಕೋಣೆಯಲ್ಲಿ ಕೈಮುಗಿಯುವಾಗ ಒಳಗಿನ ಮೂರ್ತಿಗಿಂತ ಹೊರಗೆ ಒಣಗುತ್ತಿದ್ದ ಅವರ ಜುಬ್ಬಾವೇ ನನಗೆ ದೊಡ್ಡದಾಗಿ ಕಾಣುತ್ತಿತ್ತು. ಜೈಲಿನ ಕಥೆಯನ್ನು ಅವರು ಅಲನ್‌ಗೂ ಹೇಳಿದರು. ಕೊನೆಗೆ ಬರುವ ಮಾತು ನಮಗೆಲ್ಲ ಬಾಯಿಪಾಠ.

“ಆ ಬ್ರಿಟಿಷ್ ಆಫೀಸರುಗಳ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ ಮಾರಾಯ. ಅವರು ಸಂಬಳದವರು. ಸಿಟ್ಟಿದ್ದದ್ದು ಅಲ್ಲಿ ಲಂಡನ್ನಿನಲ್ಲಿ ಚಾ ಕುಡಿದುಕೊಂಡು, ಇಂಡಿಯಾದಲ್ಲಿ ಆಗುವುದಕ್ಕೂ ನಮಗೂ ಎಂತ ಸಂಬಂಧ ಅಂತ ಕೂತಿದ್ದರಲ್ಲ, ಅವರ ಮೇಲೆ. ವೋಟು ಅವರದ್ದು, ತೆರಿಗೆ ಅವರದ್ದು. ಎದ್ದು ನಿಂತು, ಇದು ನನ್ನ ಹೆಸರಿನಲ್ಲಿ ಬೇಡ ಅಂತ ಹೇಳಿದವರು ಎಷ್ಟು ಜನ ಉಂಟು?”

ಅಲನ್ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಅಪ್ಪನ ಮಾತನ್ನು ನಾವು ಕೇಳಿ ಕೇಳಿ ಉಪ್ಪಿನಕಾಯಿಯ ಹಾಗೆ ಬದಿಗಿಟ್ಟುಕೊಂಡಿದ್ದೆವು, ಅವನು ಅದನ್ನೇ ಊಟ ಮಾಡಿದ.

ಒಂದು ದಿನ ಅಜ್ಜಿ ಅವನನ್ನು ಕೇಳಿದರು. ರೇಡಿಯೋದಲ್ಲಿ ದಿನಾ ವಿಯೆಟ್ನಾಂ ವಿಯೆಟ್ನಾಂ ಎನ್ನುತ್ತಾರಲ್ಲ, ಅಲ್ಲಿ ನಿಮ್ಮವರು ಎಂತ ಮಾಡುತ್ತಿದ್ದಾರೆ ಎಂದು. ಅವನು ಗುಜ್ಜೆಯ ಅಂಟು ಒರೆಸಿಕೊಳ್ಳುತ್ತ ತುಳುವಿನಲ್ಲಿ ಹೇಳಿದ:

“ನಮ ಅಲ್ಪ ಬಾಂಬ್ ಪಾಡೊಂದುಲ್ಲ.”

ನಾವು ಅಲ್ಲಿ ಬಾಂಬು ಹಾಕುತ್ತಾ ಇದ್ದೇವೆ. ವಾಕ್ಯ ಸರಿಯಾಗಿಯೇ ಇತ್ತು, ಒಂದು ಶಬ್ದ ಬಿಟ್ಟು. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಶಬ್ದಗಳಿವೆ. ‘ನಮ’ ಎಂದರೆ ಕೇಳುವ ನೀನೂ ಸೇರಿ ನಾವು. ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು ನಾವು. ತುಳು ಮನೆಯ ಮೂರು ವರ್ಷದ ಮಗುವೂ ಇದರಲ್ಲಿ ತಪ್ಪುವುದಿಲ್ಲ, ಹೊರಗಿನಿಂದ ಕಲಿತವರು ತಪ್ಪದೆ ಇರುವುದಿಲ್ಲ. ಅಜ್ಜಿಯ ಕೈಯ ಕತ್ತಿ ಅಲ್ಲೇ ನಿಂತಿತು.

“ನಾನು ಯಾವಾಗ ಹಾಕಿದೆ ಮಗಾ? ನನ್ನನ್ನು ಎಂತಕ್ಕೆ ಸೇರಿಸ್ತೀ? ಎಂಕುಲು ಅಂತ ಹೇಳು. ನೀನೂ ನಿನ್ನ ಊರಿನವರೂ. ನಾನಿಲ್ಲ ಅದರಲ್ಲಿ.”

ಅಮ್ಮ ಒಳಗಿನಿಂದ ನಕ್ಕರು. ನಾನೂ ನಕ್ಕೆ. ಅವನ ಮುಖ ಮಾತ್ರ ಬಿಳಿಚಿತು. ತಿದ್ದಿ ಹೇಳಿದ, “ಎಂಕುಲು.” ಮತ್ತೊಮ್ಮೆ ಹೇಳಿದ. ಆಮೇಲೆ ನನಗೆ ಇಂಗ್ಲಿಷಿನಲ್ಲಿ ಹೇಳಿದ: ನನ್ನ ಭಾಷೆಯಲ್ಲಿ ಈ ಶಬ್ದ ಇದ್ದಿದ್ದರೆ ನಮ್ಮವರಿಗೆ ಅಡಗಿಕೊಳ್ಳಲು ಜಾಗವಿರುತ್ತಿರಲಿಲ್ಲ ತಂಗಿ; ನಾವು ಎನ್ನುತ್ತಾರೆ, ಅದರಲ್ಲಿ ಯಾರಿದ್ದಾರೆ ಯಾರಿಲ್ಲ ಯಾರಿಗೂ ತಿಳಿಯುವುದಿಲ್ಲ. ನನಗೆ ಆಗ ಅರ್ಥವಾದದ್ದು ಅರ್ಧ. ಅಜ್ಜಿಗೆ ಅವನ ಮುಖ ಕಂಡು ಪಾಪ ಅನ್ನಿಸಿರಬೇಕು, ನೀನೇನು ಹೋಗಿ ಹಾಕಿದೆಯಾ, ನೀನು ಇಲ್ಲಿ ಕೋಳಿ ಹಿಂದೆ ಓಡಾಡಿಕೊಂಡಿದ್ದೀ ಎಂದು ಸಮಾಧಾನ ಹೇಳಿದರು. ಅವನು ಒಪ್ಪಲಿಲ್ಲ. ಹುಡುಕಿ ಹುಡುಕಿ ತುಳು ಶಬ್ದ ಜೋಡಿಸಿ ಹೇಳಿದ್ದು ಇಷ್ಟು: ನನ್ನ ದೇಶದ ಸೈನ್ಯ ಇನ್ನೊಬ್ಬರ ಊರಿನಲ್ಲಿ ಹೋಗಿ ಕೂತಿದೆ. ಅವರು ಕರೆದದ್ದಲ್ಲ. ನನ್ನ ಅಪ್ಪ ಅದಕ್ಕೆ ತೆರಿಗೆ ಕಟ್ಟುತ್ತಾರೆ, ನಾನು ವೋಟು ಹಾಕಿದ್ದೇನೆ. ಅಜ್ಜಿ ಸ್ವಲ್ಪ ಯೋಚಿಸಿ, ಹೌದು, ನಮ್ಮ ದನ ಇನ್ನೊಬ್ಬರ ಗದ್ದೆಗೆ ನುಗ್ಗಿದರೆ ಅವರು ದನದ ಹತ್ತಿರ ಜಗಳ ಮಾಡುವುದಿಲ್ಲ, ನಮ್ಮ ಮನೆಗೇ ಬರುತ್ತಾರೆ ಎಂದರು. ಅವನಿಗೆ ಆ ಮಾತು ಬಹಳ ಹಿಡಿಸಿತು.

ಅದೇ ದಿನ ರಾತ್ರಿಯ ಊಟಕ್ಕೆ ಕೂತಾಗ ಅವನು ಇನ್ನೊಂದು ವಿಷಯ ಹೇಳಿದ. ಅವನ ವಯಸ್ಸಿನ ಹುಡುಗರನ್ನು ಅಲ್ಲಿ ಸೈನ್ಯಕ್ಕೆ ಕರೆಯುತ್ತಾರೆ, ಕರೆದರೆ ಹೋಗಲೇಬೇಕು, ಇಲ್ಲವಾದರೆ ಜೈಲು. ಇಲ್ಲಿ ಈ ಕೆಲಸದಲ್ಲಿ ಇರುವವರೆಗೆ ಅವನನ್ನು ಕರೆಯುವುದಿಲ್ಲ. ವಾಪಸು ಹೋದ ತಕ್ಷಣ ಕರೆಯುತ್ತಾರೆ. ಅಮ್ಮ ಸೌಟು ಹಿಡಿದು ನಿಂತುಬಿಟ್ಟರು. ಹಾಗಾದರೆ ಹೋಗಬೇಡ, ಇಲ್ಲೇ ಇರು, ಕೋಳಿ ಎಂತ ಮುಗಿದುಹೋಗುತ್ತದಾ ಎಂದರು ಅಜ್ಜಿ. ಅಪ್ಪ ಎಡಗೈಯನ್ನು ಹೊಸ್ತಿಲಿನ ಆಚೆ ಚಾಚಿ ಅವನ ಭುಜದ ಮೇಲಿಟ್ಟರು.

“ನಮ್ಮ ಮನೆಯಲ್ಲಿ ಇರುವವರೆಗೆ ನಿನ್ನನ್ನು ಯಾರೂ ಮುಟ್ಟುವುದಿಲ್ಲ. ಅದು ನನ್ನ ಮಾತು.”

ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಅಪ್ಪನ ಶಾಲೆಗೆ ಆ ವರ್ಷ ಮಧ್ಯಾಹ್ನದ ಊಟದ ಚಪ್ಪರ ಬರುವುದಿತ್ತು. ಅಮೇರಿಕದ ಹಾಲಿನ ಪುಡಿ, ಅಮೇರಿಕದ ಗೋಧಿಯ ಉಪ್ಪಿಟ್ಟು. ಬಡ ಮಕ್ಕಳೇ ಹೆಚ್ಚಿದ್ದ ಶಾಲೆ, ಬೆಳಿಗ್ಗೆ ಬರೀ ಗಂಜಿತಿಳಿ ಕುಡಿದು ಬಂದು ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಬೀಳುವವರಿದ್ದರು. ಅಪ್ಪ ಅದಕ್ಕಾಗಿ ಎಷ್ಟು ಆಫೀಸುಗಳ ಮೆಟ್ಟಿಲು ಹತ್ತಿದ್ದರೆಂದು ಅಮ್ಮನಿಗೆ ಗೊತ್ತು, ಅವರ ಚಪ್ಪಲಿಗೆ ಗೊತ್ತು. ಚಪ್ಪರದ ಉದ್ಘಾಟನೆಗೆ ಮದರಾಸಿನಿಂದ ಅಮೇರಿಕದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆ, ಊರಿನ ಗಣ್ಯರೆಲ್ಲ ಇರುತ್ತಾರೆ. ಕನ್ನಡ ಬಲ್ಲ ಅಮೇರಿಕದ ಹುಡುಗನೆಂದು ಅಲನ್‌ಗೂ ನಾಲ್ಕು ಮಾತಾಡಲು ಹೇಳಿದರು. ಹೇಳಿದವರು ಅಪ್ಪನೇ.

ಅವನು ಮಾತು ಸಿದ್ಧಮಾಡಿಕೊಂಡು ಒಂದು ಸಂಜೆ ಚಾವಡಿಯಲ್ಲಿ ನಮ್ಮೆಲ್ಲರ ಮುಂದೆ ಹೇಳಿ ತೋರಿಸಿದ. ಈ ಹಾಲು ಕೊಡುವ ಕೈ ನನ್ನ ದೇಶದ್ದು ಎಂದು ನನಗೆ ಸಂತೋಷ. ವಿಯೆಟ್ನಾಂನಲ್ಲಿ ಮನೆ ಸುಡುವ ಕೈಯೂ ನನ್ನ ದೇಶದ್ದೇ. ಹಾಲಿಗೆ ನಾನು ನಿಮ್ಮ ನಮಸ್ಕಾರ ಪಡೆದುಕೊಂಡರೆ ಬೆಂಕಿಗೂ ನಾನೇ ಹೊಣೆ. ಅಲ್ಲಿರುವ ನಮ್ಮ ಸೈನ್ಯ ಮನೆಗೆ ಬರಬೇಕು. ಅಷ್ಟೇ ಭಾಷಣ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ, ಹೊಣೆ ಎನ್ನುವುದನ್ನು ನೀನು ಹೊನೆ ಅಂತೀ, ನಾಲಿಗೆ ಮೇಲೆ ಮಡಚಬೇಕು ಎಂದು ತಿದ್ದಿದರು. ಹೊಣೆ. ಹೊನೆ. ಅಲ್ಲ, ಹೊಣೆ. ಅವನ ನಾಲಿಗೆ ಮಡಚುವುದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅಪ್ಪನೂ ನಕ್ಕರು. ಅದು ಅವನ ಬಾಯಲ್ಲಿ ಸರಿಯಾಗಿ ಹೊರಡುವವರೆಗೆ ಬಿಡಲಿಲ್ಲ. ಬಂದಾಗ ಬೆನ್ನು ತಟ್ಟಿ, “ಈಗ ಸರಿಯಾಯಿತು ನೋಡು” ಎಂದರು. ಅಪ್ಪ ಅಷ್ಟು ಪ್ರೀತಿಯಿಂದ ಯಾರಿಗೂ ಪಾಠ ಮಾಡಿದ್ದನ್ನು ನಾನು ನೋಡಿಲ್ಲ.

ಒಂದು ವಾರದ ಒಳಗೆ ಜೀಪು ಬಂತು. ಮಧ್ಯಾಹ್ನದ ಹೊತ್ತು. ಅಲನ್ ಸುರತ್ಕಲ್ ಕಡೆ ಹೋಗಿದ್ದ. ಜೀಪಿನಿಂದ ಇಳಿದವನು ಸ್ವಯಂಸೇವಕರ ಮೇಲ್ವಿಚಾರಣೆಯ ಅಮೇರಿಕದ ಅಧಿಕಾರಿ, ಒಳ್ಳೆಯ ಇಸ್ತ್ರಿಯ ಅಂಗಿ. ಅಪ್ಪ ಅವನನ್ನು ಚಾವಡಿಯಲ್ಲಿ ಕೂರಿಸಿ ಕಾಫಿ ತರಲು ಹೇಳಿದರು. ನಾನು ಲೋಟ ಇಡುವಾಗ ಅವನು ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳುತ್ತಿದ್ದ: ನೀವು ಟ್ರಂಕ್ ಕಾಲ್ ಮಾಡಿದ್ದು ಬಹಳ ಉಪಕಾರವಾಯಿತು, ಹುಡುಗನ ಮನಸ್ಸು ಸ್ಥಿಮಿತದಲ್ಲಿಲ್ಲ, ಊರಿನ ಕೊರಗಿನಲ್ಲಿ ಏನೇನೋ ಆಡುತ್ತಿದ್ದಾನೆ ಎಂದು ನೀವು ತಿಳಿಸದಿದ್ದರೆ ಸಭೆಯಲ್ಲಿ ದೊಡ್ಡ ಮುಜುಗರ ಆಗುತ್ತಿತ್ತು, ಇವತ್ತೇ ಕರೆದುಕೊಂಡು ಹೋಗುತ್ತೇವೆ, ಮನೆಗೆ ಹೋದರೆ ಸರಿಯಾಗುತ್ತಾನೆ. ಅಪ್ಪ ಮೆಲ್ಲಗೆ, ಒಳ್ಳೆಯ ಹುಡುಗ, ಸ್ವಲ್ಪ ವಿಶ್ರಾಂತಿ ಬೇಕು ಎಂದರು. ಅಪ್ಪ ನನ್ನನ್ನು ನೋಡಿದರು, ನನಗೆ ಇಂಗ್ಲಿಷ್ ಇಷ್ಟು ಬರುತ್ತದೆಂದು ಅವರಿಗೆ ಅಂದಾಜಿರಲಿಲ್ಲ. ಅದನ್ನು ಕಲಿಸಿದವನು ಯಾರೆಂದು ಗೊತ್ತಲ್ಲ. ಲೋಟ ಕೆಳಗಿಟ್ಟೆನೋ ಇಲ್ಲವೋ ನೆನಪಿಲ್ಲ. ಒಳಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ, ತುಳುವಿನಲ್ಲಿ, ಒಂದೇ ಉಸಿರಿಗೆ. ಅಜ್ಜಿ ನಂಬಲಿಲ್ಲ. ನಿನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂದರು. ಅದೇ ನಿಜವಾಗಿರಲಿ ಎಂದು ನಾನೂ ಆಸೆಪಟ್ಟೆ.

ಅಷ್ಟರಲ್ಲಿ ಅಲನ್ ಬಂದ. ಜೀಪು ನೋಡಿದ, ಒಳಗೆ ಕೂತವನನ್ನು ನೋಡಿದ. ಆದರೂ ಅಜ್ಜಿಯ ನಿಯಮ ಮುರಿಯದೆ ಮೊದಲು ಬಾವಿಕಟ್ಟೆಗೆ ಹೋಗಿ ನೀರು ಹೊಯ್ದುಕೊಂಡು, ತಲೆಯಿಂದ ನೀರಿಳಿಸುತ್ತ ಚಾವಡಿಯ ಬಾಗಿಲಲ್ಲಿ ನಿಂತ. ಅಧಿಕಾರಿ ಇಂಗ್ಲಿಷಿನಲ್ಲಿ ವಿಷಯ ಹೇಳಿದ. ಅಲನ್ ಅವನ ಕಡೆ ನೋಡಲಿಲ್ಲ, ಅಪ್ಪನನ್ನೇ ನೋಡಿದ. ಅಪ್ಪ ಕನ್ನಡದಲ್ಲಿ ಶುರುಮಾಡಿದರು.

“ಕೂತುಕೋ ಅಲನ್. ಬೇಸರ ಮಾಡ್ಬೇಡ. ನಾವು ತುಂಬ ಯೋಚನೆ ಮಾಡಿದೆವು. ನೀನು ಊರಿಗೆ ಹೋಗುವುದೇ ಒಳ್ಳೇದು ಅಂತ ನಾವು...”

“ಎಂಕುಲಾ ಮಾಸ್ಟ್ರೇ, ನಮನಾ?” ಎಂದು ಅಲನ್ ಕೇಳಿದ.

ಧ್ವನಿ ಏರಿಸಲಿಲ್ಲ. ಪಾಠದಲ್ಲಿ ಸಂಶಯ ಬಂದ ಹುಡುಗ ಕೇಳುವ ಹಾಗೆಯೇ ಕೇಳಿದ. ಕನ್ನಡದ ‘ನಾವು’ ದೊಡ್ಡ ಛತ್ರಿ, ಯಾರು ಬೇಕಾದರೂ ಅದರ ಅಡಿಯಲ್ಲಿ ನಿಲ್ಲಬಹುದು. ಅಪ್ಪನ ಭಾಷಣಗಳೆಲ್ಲ ಅದರಲ್ಲೇ ನಿಂತಿದ್ದವು. ತುಳುವಿನಲ್ಲಿ ಆ ಅನುಕೂಲವಿಲ್ಲ. ನಮ ಎಂದರೆ ಅವನೂ ಒಪ್ಪಿದ್ದಾನೆ ಎಂದಾಗುತ್ತದೆ. ಎಂಕುಲು ಎಂದರೆ ಯಾರ್ಯಾರು ಎಂದು ಹೇಳಬೇಕಾಗುತ್ತದೆ. ಅಜ್ಜಿ ಅಡುಗೆಮನೆಯ ಹೊಸ್ತಿಲು ದಾಟಿ ಬಂದು ನಿಂತಿದ್ದರು. ಪರಪುರುಷರು ಕೂತಿರುವ ಚಾವಡಿಗೆ ಅವರು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಹೇಳು ಮಗಾ. ಅವನು ಕೇಳಿದ್ದಕ್ಕೆ ತುಳುವಿನಲ್ಲಿ ಹೇಳು. ನಾನು ಇದ್ದೇನಾ ಅದರಲ್ಲಿ? ನಿನ್ನ ಹೆಂಡತಿ ಇದ್ದಾಳಾ? ನಮ್ಮನ್ನು ಯಾವಾಗ ಕೇಳಿದೆ?”

“ಅಮ್ಮ, ನೀನು ಒಳಗೆ ಹೋಗು. ಇದೆಲ್ಲ ನಿನಗೆ ಗೊತ್ತಾಗುವುದಿಲ್ಲ.”

“ಯುದ್ಧಕ್ಕೆ ಕಳಿಸ್ತಾರೆ ಅಂತ ಅವನೇ ಹೇಳಿದ್ದು ಇಲ್ಲೇ ಕೂತು. ಅದು ನನಗೆ ಗೊತ್ತಾಗಿದೆ.”

ಅಧಿಕಾರಿ ಗಡಿಯಾರ ನೋಡಿಕೊಂಡ. ಅಲನ್ ತನ್ನ ಕೋಣೆಗೆ ಹೋಗಿ ಚೀಲ ಕಟ್ಟಿದ. ಹೊರಡುವ ಹೊತ್ತಿಗೆ ಅಜ್ಜಿ, ಉಂಡು ಹೋಗಲಿ, ಜೀಪು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಎಲೆ ಹಾಕಿದರು. ಹೊಸ್ತಿಲಿನ ಈಚೆ, ಒಲೆಯ ಪಕ್ಕ, ಅಪ್ಪ ಕೂರುವ ಜಾಗದಲ್ಲಿ. ಅವನು ಹೊಸ್ತಿಲ ಬಳಿ ಬಂದು ಅನುಮಾನಿಸಿ ನಿಂತ. ಅಜ್ಜಿ ಕೈಹಿಡಿದು ಒಳಗೆ ಎಳೆದರು. ಆವತ್ತು ಬದನೆಕಾಯಿ ಕೊದ್ದೆಲು ಇತ್ತು, ಅವನಿಗೆ ಬಹಳ ಇಷ್ಟದ್ದು. ಅರ್ಧ ಉಂಡ. ಅಪ್ಪ ಚಾವಡಿಯಲ್ಲಿ ಅಧಿಕಾರಿಯ ಜೊತೆ ಕೂತೇ ಇದ್ದರು. ಜೀಪು ಹೋದ ಮೇಲೆ ಅಜ್ಜಿ ಎಲೆ ತೆಗೆದು ತಾವೇ ನೆಲ ಸಾರಿಸಲು ಕೂತರು. ಅಲ್ಲಣ್ಣನನ್ನು ನಿಜವಾಗಿ ಯುದ್ಧಕ್ಕೆ ಕಳಿಸುತ್ತಾರಾ ಎಂದು ನಾನು ಅಳುತ್ತ ಕೇಳಿದೆ.

“ಇನ್ನು ಅವನು ನಮ ಅಂತ ಹೇಳಿದರೆ ನನಗೆ ತಿದ್ದಲಿಕ್ಕಾಗುವುದಿಲ್ಲ ಮಗಾ. ಕಳಿಸಿದವರಲ್ಲಿ ನಾವೂ ಸೇರಿಯಾಯಿತು.”

ಅಪ್ಪನಿಗೆ ಅವರದೇ ನ್ಯಾಯವಿತ್ತು. ಅದನ್ನು ಅವರು ಆ ವಾರವಿಡೀ ಅಮ್ಮನಿಗೆ ಹೇಳಿದರು, ನನಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ. ಸಭೆಯಲ್ಲಿ ಅವನು ಹಾಗೆ ಮಾತಾಡಿದರೆ ಹಾಲು ನಿಲ್ಲುತ್ತದೆ. ಅವನದು ಆತ್ಮಸಾಕ್ಷಿ, ಮಕ್ಕಳದು ಹೊಟ್ಟೆ. ಇವೆರಡರಲ್ಲಿ ನಾನು ಯಾವುದನ್ನು ನೋಡಬೇಕು, ನೀನೇ ಹೇಳು. ಅಮ್ಮ ಅಕ್ಕಿ ಆರಿಸುತ್ತಿದ್ದರು. ನಾನು ಇಂದಿಗೂ ಆ ಮಾತನ್ನು ತಳ್ಳಿಹಾಕಲಾರೆ. ಚಪ್ಪರ ಬಂತು, ಹಾಲು ಬಂತು, ಮಕ್ಕಳು ಕುಡಿದರು, ಕೆನ್ನೆ ತುಂಬಿಕೊಂಡರು. ಆದರೆ ಹಾಲು ನಿಲ್ಲುತ್ತದೆ, ನೀನು ಮಾತಾಡಬೇಡ ಮಾರಾಯ ಎಂದು ಅವನಿಗೇ ಹೇಳಬಹುದಿತ್ತಲ್ಲ. ಅವನು ಒಪ್ಪುತ್ತಿದ್ದನೋ ಏನೋ. ಒಪ್ಪದಿದ್ದರೆ ಜಗಳವಾಗುತ್ತಿತ್ತು, ಅಷ್ಟೇ. ಅಪ್ಪ ಜಗಳ ಮಾಡಲಿಲ್ಲ. ಅವನ ಉಚ್ಚಾರ ತಿದ್ದಿ, ಬೆನ್ನು ತಟ್ಟಿ, ಪೋಸ್ಟಾಫೀಸಿಗೆ ಹೋಗಿ ಅವನಿಗೆ ತಲೆ ಸರಿಯಿಲ್ಲ ಎಂದು ಫೋನು ಮಾಡಿದರು. ತಲೆ ಸರಿಯಿಲ್ಲದ್ದು ಅವನಿಗೆ ಯಾವಾಗ? ಅಪ್ಪ ಹೇಳಿದ್ದನ್ನು ನಂಬಿದಾಗ. ಆ ಮನೆಯಲ್ಲಿ ಹಾಗೆ ನಂಬಿದ್ದವಳು ಇನ್ನೊಬ್ಬಳಿದ್ದಳು. ನನ್ನನ್ನೂ ಒಂದು ದಿನ ಹೀಗೇ ಜೀಪು ಹತ್ತಿಸುತ್ತಾರೆ ಎಂದು ನನಗೆ ಅನ್ನಿಸಿತು, ಮತ್ತು ಆ ಅನ್ನಿಸಿಕೆ ಆಮೇಲೆ ಹೋಗಲೇ ಇಲ್ಲ. ಅಪ್ಪ ಹೊಸ ಸೀರೆ ತಂದರೂ, ಕಾಲೇಜಿಗೆ ಸೇರಿಸಿದರೂ, ಇದರ ಹಿಂದೆ ಎಂತ ಉಂಟು ಎಂದು ನೋಡುವ ಚಾಳಿ ಬಂತು. ಯಾರಾದರೂ ವೇದಿಕೆಯ ಮೇಲೆ ‘ನಾವು’ ಎಂದರೆ ಇಂದಿಗೂ ನನ್ನ ಕಿವಿ ನೆಟ್ಟಗಾಗುತ್ತದೆ. ನಮ್ಮ ದೇಶದವರೇ ಹಾಗೆಂದರೂ ಅಷ್ಟೇ, ಆಗ ಇನ್ನೂ ಹೆಚ್ಚು.

ಒಂದೆರಡು ವರ್ಷ ಅವನ ಸುದ್ದಿಯೇ ಇರಲಿಲ್ಲ. ಆಮೇಲೆ ಉಡುಪಿಯ ಕಡೆ ಕೆಲಸ ಮಾಡುತ್ತಿದ್ದ ಅವನ ಜೊತೆಯ ಸ್ವಯಂಸೇವಕಿಯೊಬ್ಬಳು ತನ್ನ ಊರಿಗೆ ಹಿಂದಿರುಗುವ ಮುಂಚೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದರು. ಅಲನ್‌ಗೆ ಹೋದ ಕೂಡಲೇ ಸೈನ್ಯದ ಕರೆ ಬಂತಂತೆ. ಅವನು ಹೋಗಲಿಲ್ಲ. ನ್ಯಾಯಾಧೀಶರ ಮುಂದೆ ನಿಂತು, ಆ ಊರಿನಲ್ಲಿ ಕೂರಲು ನಮಗೆ ಹಕ್ಕಿಲ್ಲ, ನನ್ನ ಹೆಸರಿನಲ್ಲಿ ಬೇಡ ಎಂದನಂತೆ. ಜೈಲಿಗೆ ಹಾಕಿದ್ದಾರೆ, ಈಗಲೂ ಅಲ್ಲೇ ಇದ್ದಾನೆ. ಇದನ್ನು ಕೇಳಿ ಅಪ್ಪನ ಕಣ್ಣಲ್ಲಿ ನೀರು ಬಂತು. ಈಗ ಹೇಳುತ್ತಾರೆ, ಈಗ ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಅಪ್ಪ ಕಣ್ಣೊರೆಸಿಕೊಂಡು, “ಭೇಷ್” ಎಂದರು.

ಆ ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನದ ಸಭೆಯಲ್ಲಿ ಅಪ್ಪನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಅಮ್ಮ ಮತ್ತು ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆವು. ಅಪ್ಪ ತಮ್ಮ ಜೈಲಿನ ದಿನಗಳಿಂದ ಶುರುಮಾಡಿ, ಪ್ರಜೆಯಾದವನ ಹೊಣೆ ಎಂದರೇನು ಎಂಬಲ್ಲಿಗೆ ಬಂದು, ಒಮ್ಮೆ ನಿಲ್ಲಿಸಿದರು.

“ಇವತ್ತು ಅಮೇರಿಕದ ಒಂದು ಜೈಲಿನಲ್ಲಿ ಒಬ್ಬ ಹುಡುಗ ಇದ್ದಾನೆ. ತನ್ನ ದೇಶದ ಸೈನ್ಯ ಪರರ ನೆಲದಲ್ಲಿ ಕೂತಿರುವುದಕ್ಕೆ ತಾನೂ ಹೊಣೆ ಎಂದು ಎದ್ದು ನಿಂತ ಹುಡುಗ. ಅವನು ನಮ್ಮ ಮನೆಯ ಅನ್ನ ಉಂಡವನು. ನಮ್ಮ ಚಾವಡಿಯಲ್ಲಿ ಕಲಿತವನು. ನಾವು ಇಲ್ಲಿಂದ ಕಳಿಸಿಕೊಟ್ಟ ಸತ್ಯಾಗ್ರಹಿ ಅವನು.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಸುಳ್ಳು ಹೇಳುವಾಗ ಅವರ ಎಡಗೈ ಜುಬ್ಬಾದ ಗುಂಡಿ ಹುಡುಕುತ್ತದೆ, ನನಗೆ ಗೊತ್ತು. ಆವತ್ತು ಹುಡುಕಲಿಲ್ಲ. ಅವರು ಅದನ್ನು ಪೂರ್ತಿ ನಂಬಿದ್ದರು. ಜೀಪು ಬಂದ ದಿನಕ್ಕಿಂತ ಹೆಚ್ಚು ನನಗೆ ಮೋಸವಾದದ್ದು ಆ ಗಳಿಗೆಯಲ್ಲಿ. ಅಂದು ಅವನನ್ನು ನಮ್ಮಿಂದ ಕಿತ್ತುಕೊಂಡಿದ್ದರು, ಇಂದು ಅವನು ಮಾಡಿದ್ದನ್ನೂ ಅವನಿಂದ ಕಿತ್ತುಕೊಂಡರು.

ಮನೆಗೆ ಬಂದು ಅಪ್ಪ ಶಾಲು ಮಡಚಿಟ್ಟು ಊಟಕ್ಕೆ ಕೂತರು. ಒಳ್ಳೆಯ ಹುರುಪಿನಲ್ಲಿದ್ದರು. ಸಾರು ಅನ್ನ ಮುಗಿಸಿ, ಮಜ್ಜಿಗೆಗೆಂದು ಅನ್ನ ಹಾಕಿಸಿಕೊಂಡು, ಎಂದಿನಂತೆ ನನ್ನತ್ತ ತಿರುಗಿದರು.

“ಭಾಷಣ ಹೇಗಿತ್ತು?”

“ಚೆನ್ನಾಗಿತ್ತು ಅಪ್ಪ. ಆದರೆ ನೀವು ಅವನನ್ನು ಕಳಿಸಿದ್ದು ಜೈಲಿಗಲ್ಲ, ಯುದ್ಧಕ್ಕೆ. ಜೈಲಿಗೆ ಅವನೇ ಹೋದದ್ದು.”

ಅಪ್ಪ ಅನ್ನದಲ್ಲಿ ಬೆರಳಾಡಿಸುತ್ತ ಕೂತರು. ಏರು ಹತ್ತುವ ಲಾರಿಯೊಂದು ಪೂರ್ತಿ ಹತ್ತಿ ಹೋಗುವಷ್ಟು ಹೊತ್ತು. ಆಮೇಲೆ ತಲೆ ಎತ್ತದೆ ಅಮ್ಮನಿಗೆ, “ಮಜ್ಜಿಗೆ ಹಾಕು” ಎಂದರು.

ಅಮ್ಮ ಮಜ್ಜಿಗೆಯ ಪಾತ್ರೆ ಹಿಡಿದು ಅವರ ಎದುರೇ ನಿಂತಿದ್ದರು. ಕೇಳುವ ಮೊದಲೇ ಬಗ್ಗಿ ಬಡಿಸುವವರು. ಅವರು ಬಗ್ಗಲಿಲ್ಲ. ಅಪ್ಪ ಮತ್ತೊಮ್ಮೆ ಕೇಳಿದರು. ಅಮ್ಮ ಅಲುಗಲಿಲ್ಲ. ಅಪ್ಪ ತಲೆಯೆತ್ತಿ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಅನ್ನ ಹಾಗೇ ಉಳಿದ ಎಲೆಯನ್ನು ಮಡಚಿ ಎದ್ದು ಕೈತೊಳೆಯಲು ಹೊರಗೆ ಹೋದರು.